ಈ ಚೇತಕ್ ಎಲ್ಲೆಲ್ಲಿ ಹಾರಿತ್ತು ಎಂದು ಹೇಳಿ: ಸೇನಾ ದಾಖಲೆಗಳ ಅಧಿಕಾರಿಗಳಿಗೆ ಉಡುಪಿಯಿಂದ ಒಂದು ಬಹಿರಂಗ ಪತ್ರ

ಸೇನಾ ವಿಮಾನಗಳ ಹಳೆಯ ದಾಖಲೆಗಳನ್ನು ಇಟ್ಟುಕೊಂಡಿರುವ ಎಲ್ಲ ಅಧಿಕಾರಿಗಳಿಗೆ,
ಜೊತೆಗೆ ಕರಾವಳಿಯ ನಿವೃತ್ತ ಸೈನಿಕರಿಗೆ ಮತ್ತು ಅವರ ಮನೆಯವರಿಗೆ,

ಮಾನ್ಯರೇ,

ನಮಸ್ಕಾರ. ಉಡುಪಿ ಹತ್ತಿರದ ಒಂದು ವಿದ್ಯಾಸಂಸ್ಥೆಯ ಮೈದಾನದಲ್ಲಿ ಹಳೆಯ ಚೇತಕ್ ಹೆಲಿಕಾಪ್ಟರ್ ಒಂದು ನಿಂತಿದೆ. ಸೇವೆ ಮುಗಿದ ಮೇಲೆ ಮಕ್ಕಳು ನೋಡಲಿ ಎಂದು ಕೊಟ್ಟದ್ದು. ವರ್ಷಗಟ್ಟಲೆ ಮಳೆ, ಬಿಸಿಲು, ಉಪ್ಪುಗಾಳಿ ತಿಂದು ಅದರ ಸ್ಥಿತಿ ಕೆಟ್ಟಿತ್ತು. ಈಗ ನಾವು ಕೆಲವರು ಸೇರಿ ಅದನ್ನು ಸರಿ ಮಾಡುತ್ತಿದ್ದೇವೆ. ನಾನು ಪಾಲಿಟೆಕ್ನಿಕ್ ಒಂದರಲ್ಲಿ ವರ್ಕ್‌ಶಾಪ್ ಕಲಿಸುವವನು. ಜೊತೆಗೆ ಗ್ಯಾರೇಜಿನಲ್ಲಿ ತಗಡಿನ ಕೆಲಸ ಮಾಡುವವರಿದ್ದಾರೆ, ನೌಕಾಪಡೆಯಲ್ಲಿ ಹೆಲಿಕಾಪ್ಟರ್ ರಿಪೇರಿ ಮಾಡಿ ನಿವೃತ್ತರಾದ ಹಿರಿಯರಿದ್ದಾರೆ, ರಜೆಯ ದಿನ ಬಂದು ಕೈ ಕಪ್ಪು ಮಾಡಿಕೊಳ್ಳುವ ವಿದ್ಯಾರ್ಥಿಗಳಿದ್ದಾರೆ. ಹಾರಿಸುವ ಯೋಚನೆ ಯಾರಿಗೂ ಇಲ್ಲ. ಸೇವೆಯಲ್ಲಿದ್ದಾಗ ಹೇಗಿತ್ತೋ ಹಾಗೆ ನಿಲ್ಲಿಸಬೇಕು, ಪಕ್ಕದ ಬೋರ್ಡಿನಲ್ಲಿ ಅದರ ನಿಜವಾದ ಕಥೆ ಇರಬೇಕು. ಅಷ್ಟೇ.

ಆ ಕಥೆ ನಿಮ್ಮ ಕಪಾಟಿನಲ್ಲಿದೆ. ಕೇಳಿದರೆ ಸಿಗುತ್ತಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಈಗ ಅಲ್ಲಿರುವ ಬೋರ್ಡಿನಲ್ಲಿ ಹೀಗಿದೆ: ಇದು ವಾಯುಪಡೆಯ ಹೆಲಿಕಾಪ್ಟರ್, 1971ರ ಯುದ್ಧದಲ್ಲಿ ಪಾಲ್ಗೊಂಡಿತ್ತು. ಬರೆದವರು ಯಾರು, ಯಾವ ಆಧಾರದ ಮೇಲೆ ಬರೆದರು ಎಂದು ಸಂಸ್ಥೆಯಲ್ಲಿ ಈಗ ಇರುವ ಯಾರಿಗೂ ಗೊತ್ತಿಲ್ಲ. ನಾವೂ ಅದನ್ನು ನಂಬಿಕೊಂಡೇ ಕೆಲಸ ಶುರು ಮಾಡಿದೆವು. ಬಾಲದ ಭಾಗದ ಬಣ್ಣ ತೆಗೆಯುವವರೆಗೆ.

ಬಣ್ಣ ತೆಗೆಯುವುದು ನಿಧಾನದ ಕೆಲಸ. ವಿಮಾನಗಳಿಗೆ ಆ ಕಾಲದಲ್ಲಿ ಹಚ್ಚುತ್ತಿದ್ದ ಹಳದಿ-ಹಸಿರು ಪ್ರೈಮರ್ ಝಿಂಕ್ ಕ್ರೋಮೇಟ್. ಅದರ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಹಾಗಾಗಿ ಮಾಸ್ಕ್ ಹಾಕಿಕೊಂಡು, ನೀರು ಹಾಕಿ ಹಾಕಿ, ಒಂದೊಂದೇ ಪದರ ಉಜ್ಜಬೇಕು. ಮೇಲೆ ಯಾವುದೋ ವಾರ್ಷಿಕೋತ್ಸವಕ್ಕೆ ಹಚ್ಚಿದ ಎನಾಮೆಲ್ ಪೇಂಟ್, ಅದರ ಕೆಳಗೆ ಪುಟ್ಟಿ, ಅದರ ಕೆಳಗೆ ಬೂದು ಬಣ್ಣ, ಅದರ ಕೆಳಗೆ ಇನ್ನೊಂದು ಬಗೆಯ ಬೂದು. ಆ ಕೆಳಗಿನ ಬೂದಿನ ಮೇಲೆ ಎರಡು ಇಂಗ್ಲಿಷ್ ಅಕ್ಷರಗಳು ಮಸುಕಾಗಿ ಕಂಡವು: ವಿ, ವೈ. ನಮ್ಮ ಜೊತೆಗಿರುವ ಹಿರಿಯರು ಒಂದು ಮಾತೂ ಆಡದೆ ಪಕ್ಕದಲ್ಲಿ ಕೂತು ಉಜ್ಜಿದರು. ಎನ್ ಅಕ್ಷರದ ಒಂದು ಕಾಲೂ ಸಿಕ್ಕಿತು. ಅಲ್ಲಿ ಬರೆದಿದ್ದದ್ದು ನೇವಿ ಎಂದು.

ಹಾಗಾದರೆ ಇದು ನೌಕಾಪಡೆಯ ಯಂತ್ರವೇ? ಅದನ್ನೂ ಖಚಿತವಾಗಿ ಹೇಳಲು ಆಗುವುದಿಲ್ಲ, ಯಾಕೆಂದರೆ ಹೆಲಿಕಾಪ್ಟರ್ ಎಂದರೆ ಒಂದೇ ವಸ್ತುವಲ್ಲ. ಎಂಜಿನ್‌ಗೆ ಬೇರೆ ಲಾಗ್‌ಬುಕ್, ಗೇರ್‌ಬಾಕ್ಸ್‌ಗೆ, ರೋಟರ್ ಬ್ಲೇಡುಗಳಿಗೆ ಬೇರೆ ಬೇರೆ ಕಾರ್ಡು. ಇಷ್ಟು ಗಂಟೆ ಹಾರಿದ ಮೇಲೆ ಬಿಚ್ಚಿ ಓವರ್‌ಹಾಲ್ ಮಾಡಬೇಕು, ಇಷ್ಟು ಗಂಟೆ ಆದ ಮೇಲೆ ಬಿಸಾಡಬೇಕು ಎಂಬ ಲೆಕ್ಕ ಪ್ರತಿ ಭಾಗಕ್ಕೂ ಪ್ರತ್ಯೇಕ. ಓವರ್‌ಹಾಲ್‌ಗೆ ಹೋದಾಗ ಒಂದರ ಭಾಗ ಇನ್ನೊಂದಕ್ಕೆ ಬರುವುದು ಮಾಮೂಲು. ಬಾಲ ನೌಕಾಪಡೆಯದ್ದು, ಉಳಿದ ದೇಹ ವಾಯುಪಡೆಯದ್ದು ಆಗಿರಲೂಬಹುದು. ಕ್ಯಾಬಿನ್ನಿನಲ್ಲಿ ತಯಾರಕರ ತಗಡಿನ ಫಲಕ ಇದೆ, ಎಚ್‌ಎಎಲ್ ಎಂದು ಓದಲು ಬರುತ್ತದೆ, ಆದರೆ ನಂಬರಿನ ಕೊನೆಯ ಅಂಕಿಗಳನ್ನು ಉಪ್ಪು ತಿಂದುಬಿಟ್ಟಿದೆ. ಗೇರ್‌ಬಾಕ್ಸ್ ಮೇಲಿನ ನಂಬರ್ ಬೇರೆ. ಇವೆಲ್ಲವನ್ನೂ ಫೋಟೊ ತೆಗೆದು, ಎಷ್ಟು ಅಂಕಿ ಓದಲು ಬರುತ್ತದೋ ಅಷ್ಟನ್ನು ನಾವು ಹಾಕಿದ ಮಾಹಿತಿ ಹಕ್ಕು ಅರ್ಜಿಯ ಜೊತೆ ಲಗತ್ತಿಸಿದ್ದೇವೆ. ನಿಮ್ಮ ಫೈಲಿನಲ್ಲಿ ಅದಿದೆ.

ಅರ್ಜಿಗೆ ಏನಾಯಿತು ಎಂದು ಈಗ ಹೇಳುತ್ತೇನೆ. ಯಾವ ಕಚೇರಿಯ ಹೆಸರನ್ನೂ ಬರೆಯುವುದಿಲ್ಲ. ಯಾರನ್ನೋ ಸಿಕ್ಕಿಹಾಕಿಸುವುದು ನಮ್ಮ ಉದ್ದೇಶ ಅಲ್ಲ, ನಮಗೆ ಬೇಕಿರುವುದು ಮಾಹಿತಿ. ಮೊದಲ ಕಚೇರಿಯಿಂದ ಬಂದ ಹಿಂಬರಹದಲ್ಲಿ, ಇದು ತಮಗೆ ಸಂಬಂಧಿಸಿದ್ದಲ್ಲ ಎಂದಿತ್ತು. ಯಾರಿಗೆ ಸಂಬಂಧಿಸಿದ್ದು ಎಂದು ಇರಲಿಲ್ಲ. ಎರಡನೆಯದರಲ್ಲಿ, ದಾಖಲೆಗಳು ಬಳಸಿದವರ ಬಳಿ ಇರುವುದಿಲ್ಲ, ಓವರ್‌ಹಾಲ್ ಮಾಡಿದವರ ಬಳಿ ವಿಚಾರಿಸಿ ಎಂದಿತ್ತು. ಅಲ್ಲಿ ವಿಚಾರಿಸಿದರೆ, ಕೊನೆಗೆ ಬಳಸಿದವರಿಗೇ ಎಲ್ಲ ಲಾಗ್‌ಬುಕ್ ಹಿಂತಿರುಗಿಸಲಾಗಿದೆ ಎಂಬ ಉತ್ತರ. ಇನ್ನೊಂದು ಕಡೆಯಿಂದ, ಪೂರ್ತಿ ನಂಬರ್ ಕೊಡಿ, ಆಮೇಲೆ ನೋಡೋಣ ಎಂದರು. ಪೂರ್ತಿ ನಂಬರ್ ಯಾವುದು ಎಂದೇ ಅಲ್ವಾ ನಾವು ಕೇಳುತ್ತಿರುವುದು? ಕೊನೆಗೆ ಬಂದದ್ದು ಎರಡೇ ಸಾಲು. ಕೇಳಿದ ಮಾಹಿತಿ ದೇಶದ ಭದ್ರತೆಗೆ ಸಂಬಂಧಿಸಿದ್ದು, ಕೊಡಲು ಬರುವುದಿಲ್ಲ.

ಈ ಕೊನೆಯ ಉತ್ತರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಭದ್ರತೆ ಎಂಬ ಮಾತನ್ನು ನಾವು ಹಗುರವಾಗಿ ನೋಡುವವರಲ್ಲ. ಪಣಂಬೂರಿನಲ್ಲಿ ಕೋಸ್ಟ್ ಗಾರ್ಡ್ ಇದೆ, ಮೇಲೆ ಕಾರವಾರದಲ್ಲಿ ನೌಕಾನೆಲೆ ಇದೆ, ನಮ್ಮ ಮನೆಗಳಿಂದಲೇ ಜನ ಸೇನೆಗೆ ಹೋಗಿದ್ದಾರೆ. ಹೇಳಬಾರದ್ದನ್ನು ಹೇಳಿ ಎಂದು ನಾವು ಕೇಳುತ್ತಿಲ್ಲ. ಆದರೆ ಈ ಯಂತ್ರ ಯಾವುದು ಎಂದು ಸ್ವಲ್ಪ ನೋಡಿ. ಮೂಲದಲ್ಲಿ ಇದು ಫ್ರಾನ್ಸಿನ ಅಲುಎಟ್ 3. ಮೊದಲ ಹಾರಾಟ 1959ರಲ್ಲಿ. 1962ರಲ್ಲಿ ಲೈಸೆನ್ಸ್ ಒಪ್ಪಂದವಾಗಿ, 1965ರಿಂದ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗತೊಡಗಿತು. ನಮ್ಮಲ್ಲಿ 300ಕ್ಕೂ ಹೆಚ್ಚು ಚೇತಕ್‌ಗಳು ತಯಾರಾಗಿವೆ. ಮೂರು ಬ್ಲೇಡು, ಒಂದು ಆರ್ಟೂಸ್ಟ್ ಎಂಜಿನ್, ಪೈಲಟ್ ಸೇರಿ ಏಳು ಜನ ಕೂರುವ ಜಾಗ. ಇದೇ ಮಾದರಿ ಜಗತ್ತಿನ ಎಷ್ಟೋ ದೇಶಗಳಲ್ಲಿ ಮ್ಯೂಸಿಯಂ ಸೇರಿದೆ. ಗೋವಾದ ನೌಕಾ ವಿಮಾನ ಮ್ಯೂಸಿಯಂನಲ್ಲೂ ಇದೆ. ನಮ್ಮ ಮೈದಾನದ ಚೇತಕ್ ಒಳಗೆ ಒಂದು ರೇಡಿಯೊ ಕೂಡ ಇಲ್ಲ, ಕೊಡುವ ಮೊದಲೇ ಎಲ್ಲ ಬಿಚ್ಚಿದ್ದಾರೆ. ಅದು 30–40 ವರ್ಷಗಳ ಹಿಂದೆ ಯಾವ ಸ್ಕ್ವಾಡ್ರನ್‌ನಲ್ಲಿತ್ತು, ಯಾವ ವರ್ಷ ಸೇವೆಗೆ ಸೇರಿತು, ಯಾವಾಗ ಬಿಟ್ಟಿತು ಎಂಬುದರಿಂದ ಇವತ್ತು ಯಾರಿಗೆ ಅಪಾಯ?

ಕಾನೂನು ಕೂಡ ಇದನ್ನೇ ಹೇಳುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(3)ರ ಪ್ರಕಾರ, ಅರ್ಜಿ ಹಾಕಿದ ದಿನಕ್ಕಿಂತ 20 ವರ್ಷ ಹಿಂದೆ ನಡೆದದ್ದರ ಮಾಹಿತಿ ಕೇಳಿದರೆ ಕೊಡಬೇಕು. ದೇಶದ ಭದ್ರತೆಯಂಥ ಕೆಲವೇ ಕಾರಣಗಳಿಗೆ ವಿನಾಯಿತಿ ಇದೆ ನಿಜ. ಆದರೆ ಈ ಮಾಹಿತಿ ಹೇಗೆ ಭದ್ರತೆಗೆ ತೊಡಕಾಗುತ್ತದೆ ಎಂದು ಕಾರಣ ಬರೆಯಬೇಕಲ್ಲ, ಸುಮ್ನೆ ಆ ಪದ ಬರೆದು ಸಹಿ ಹಾಕಿದರೆ ಆಗಲಿಲ್ಲ. ಒಂದು ಕಾಗದದಲ್ಲಿ ಗುಟ್ಟಿನ ಭಾಗ ಇದ್ದರೆ ಅದನ್ನು ಮುಚ್ಚಿ ಉಳಿದದ್ದನ್ನು ಕೊಡಿ ಎಂದು ಸೆಕ್ಷನ್ 10 ಹೇಳುತ್ತದೆ. ಅರ್ಜಿ ತಪ್ಪು ಕಚೇರಿಗೆ ಬಂದಿದ್ದರೆ 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸಬೇಕು ಎಂದು ಸೆಕ್ಷನ್ 6(3)ರಲ್ಲಿದೆ. ನಮಗೆ ಸಂಬಂಧಿಸಿದ್ದಲ್ಲ ಎಂದು ವಾಪಸ್ ಬರೆಯುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು ನಿಮ್ಮದೇ ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಹೊರಡಿಸಿದ ನೀತಿ. ಸೇನೆಯ ವಾರ್ ಡೈರಿಗಳು, ಘಟಕಗಳ ಕಾರ್ಯಾಚರಣೆ ದಾಖಲೆ ಪುಸ್ತಕಗಳು ಇತಿಹಾಸ ವಿಭಾಗಕ್ಕೆ ಹೋಗಬೇಕು, 25 ವರ್ಷಕ್ಕಿಂತ ಹಳೆಯವನ್ನು ತಜ್ಞರು ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ಕೊಡಬೇಕು ಎಂದು ಅದರಲ್ಲಿದೆ. ಅದನ್ನು ಓದಿದಾಗ ನಮಗೆ ನಿಜಕ್ಕೂ ಖುಷಿಯಾಗಿತ್ತು. ಇನ್ನು ಕೇಳಿದರೆ ಸಿಗುತ್ತದೆ ಅಂದುಕೊಂಡೆವು. ನೀತಿ ದೆಹಲಿಯಲ್ಲಿ ಒಳ್ಳೆಯದೇ ಬರೆದಿದ್ದಾರೆ, ಅದು ಉತ್ತರ ಬರೆಯುವವರ ಮೇಜಿನವರೆಗೆ ತಲುಪಬೇಕಲ್ಲ.

ಈ ಕಾಗದಗಳು ಹೇಗಿರುತ್ತವೆ ಎಂದು ಗೊತ್ತಿಲ್ಲದವರಿಗೆ ಒಂದು ಮಾತು. ವಾಯುಪಡೆಯಲ್ಲಿ ಪ್ರತಿ ವಿಮಾನಕ್ಕೂ ಫಾರ್ಮ್ 700 ಎಂಬ ಪುಸ್ತಕ ಇರುತ್ತದೆ. ಹಾರುವ ಮೊದಲು ತಂತ್ರಜ್ಞರು, ಪೈಲಟ್ ಸಹಿ ಮಾಡುವುದು ಅದರಲ್ಲೇ. ಘಟಕದ ದಿನದಿನದ ಕೆಲಸ ಫಾರ್ಮ್ 540ರಲ್ಲಿ. ಪೈಲಟ್ ತನ್ನ ಸ್ವಂತ ಲಾಗ್‌ಬುಕ್ಕಿನಲ್ಲಿ ದಿನಾಂಕ, ವಿಮಾನದ ನಂಬರ್, ಎಲ್ಲಿಂದ ಎಲ್ಲಿಗೆ, ಯಾವ ಕೆಲಸಕ್ಕೆ, ಎಷ್ಟು ಹೊತ್ತು ಎಂದು ಬರೆಯುತ್ತಾನೆ. ನಂಬರ್ ಒಂದು ಸಿಕ್ಕಿದರೆ ಇವುಗಳನ್ನು ಒಂದಕ್ಕೊಂದು ತಾಳೆ ನೋಡುತ್ತಾ ಇಡೀ ಆಯುಷ್ಯ ಬರೆಯಬಹುದು. ವಾಯುಪಡೆಯ ಚೇತಕ್‌ಗೆ ಝಡ್ ಅಕ್ಷರದಿಂದ ಶುರುವಾಗುವ ನಂಬರ್, ನೌಕಾಪಡೆಯದ್ದಕ್ಕೆ ಐಎನ್ ಎಂದು, ಕೋಸ್ಟ್ ಗಾರ್ಡಿನದ್ದಕ್ಕೆ ಸಿಜಿ ಎಂದು. ಒಂದು ಅಕ್ಷರ ಗೊತ್ತಾದರೂ ನಮ್ಮ ಅರ್ಧ ದಾರಿ ಕಳೆದ ಹಾಗೆ.

ನಾವು ಯಾಕೆ ಇಷ್ಟು ಹಟ ಹಿಡಿದಿದ್ದೇವೆ, ಒಂದು ಬಣ್ಣ ಹಚ್ಚಿ ಮುಗಿಸಬಾರದೇ ಎಂದು ನಮ್ಮವರೇ ಕೇಳಿದ್ದಾರೆ. ಖರ್ಚು ಕೊಡುವ ಒಬ್ಬರು ಹಸಿರು-ಕಂದು ಬಣ್ಣ ಹಚ್ಚಿ, ಎರಡು ಕಡೆ ಡಮ್ಮಿ ರಾಕೆಟ್ ಕಟ್ಟಿ, ಜನ ಫೋಟೊ ತೆಗೆಸಿಕೊಳ್ಳುತ್ತಾರೆ ಎಂದರು. ಅವರ ಮನಸ್ಸು ಒಳ್ಳೆಯದೇ. ಆದರೆ ಅದು ಬೇರೆ ಯಾವುದೋ ಹೆಲಿಕಾಪ್ಟರ್ ಆಗಿಬಿಡುತ್ತದೆ.

1971ರಲ್ಲಿ ಈ ಮಾದರಿ ಯುದ್ಧ ಮಾಡಿದ್ದು ಸುಳ್ಳಲ್ಲ. ಬಾಂಗ್ಲಾದೇಶದ ಪೈಲಟ್‌ಗಳ ಕಿಲೊ ಫ್ಲೈಟ್ ತಂಡಕ್ಕೆ ಭಾರತ ಕೊಟ್ಟ ಒಂದು ಅಲುಎಟ್ ಹೆಲಿಕಾಪ್ಟರ್, ರಾಕೆಟ್ ಕಟ್ಟಿಕೊಂಡು ಡಿಸೆಂಬರ್ 3ರ ರಾತ್ರಿ ನಾರಾಯಣಗಂಜ್‌ನ ತೈಲ ಸಂಗ್ರಹದ ಮೇಲೆ ದಾಳಿ ಮಾಡಿತು. ಯುದ್ಧವಿಮಾನಗಳನ್ನು ಹೊರುತ್ತಿದ್ದ ನೌಕಾಪಡೆಯ ಹಳೆಯ ವಿಕ್ರಾಂತ್ ಹಡಗಿನ ಮೇಲೂ ಅಲುಎಟ್‌ಗಳಿದ್ದವು. ಅವುಗಳ ಕೆಲಸ ಬೇರೆ. ಯುದ್ಧವಿಮಾನಗಳು ಏರುವಾಗ, ಇಳಿಯುವಾಗ ಹಡಗಿನ ಪಕ್ಕದಲ್ಲೇ ಹಾರುತ್ತಾ ಇರುವುದು. ಯಾರಾದರೂ ಸಮುದ್ರಕ್ಕೆ ಬಿದ್ದರೆ ಎತ್ತುವುದು. ನಮ್ಮ ಯಂತ್ರದ ಎಡಗಡೆ ಬಾಗಿಲ ಮೇಲೆ ಮುಚ್ಚಿದ ತೂತುಗಳ ಸಾಲಿದೆ. ಅಲ್ಲಿ ಜನರನ್ನು ಮೇಲೆತ್ತುವ ವಿಂಚ್ ಕೂರಿಸಿದ್ದಿರಬೇಕು ಎಂದು ಹಿರಿಯರು ಹೇಳುತ್ತಾರೆ. ರಾಕೆಟ್ ಕಟ್ಟಿದ ಗುರುತು ಎಲ್ಲೂ ಕಂಡಿಲ್ಲ.

ಅದು ನಿಜವಾದರೆ ಈ ಚೇತಕ್ ಬಹುಶಃ ಯುದ್ಧಕ್ಕೇ ಹೋಗಿಲ್ಲ. ಸಮುದ್ರದಿಂದ ಜನರನ್ನು ಎತ್ತಿರಬಹುದು. ನಮ್ಮ ಕಡೆಯ ಮೀನುಗಾರರನ್ನೇ ಎತ್ತಿರಬಹುದು! ಕರಾವಳಿಯವರಿಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮೂಲ್ಕಿ ಹತ್ತಿರ ಬಂಡೆಗಳಿಗೆ ಸಿಕ್ಕಿಕೊಂಡ ಟಗ್ ಬೋಟಿನಲ್ಲಿದ್ದ ಒಂಬತ್ತು ಜನರನ್ನು ಕೋಸ್ಟ್ ಗಾರ್ಡ್ ಹಡಗು ಮತ್ತು ನೌಕಾಪಡೆಯ ಹೆಲಿಕಾಪ್ಟರ್ ಸೇರಿ ಉಳಿಸಿದ್ದನ್ನು ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದ್ದೇವೆ. ಹಾಗೆ ಜೀವ ಉಳಿಸಿದ ಯಂತ್ರಕ್ಕೆ ನಾವು ಸುಳ್ಳು ಯುದ್ಧದ ಬೋರ್ಡು ಹಾಕಿ, ಇಲ್ಲದ ರಾಕೆಟ್ ಕಟ್ಟಿ ನಿಲ್ಲಿಸಿದರೆ, ಅದನ್ನು ಹಾರಿಸಿದವರಿಗೆ, ರಾತ್ರಿ ಟಾರ್ಚ್ ಹಿಡಿದು ರಿಪೇರಿ ಮಾಡಿದವರಿಗೆ ಅದು ಅವಮಾನ. ಇಲ್ಲ, ಅದು ನಿಜವಾಗಿಯೂ 1971ರಲ್ಲಿ ಪೂರ್ವದ ಗಡಿಯಲ್ಲಿತ್ತು ಎಂದಾದರೆ, ಆ ಸಾಲನ್ನು ಇನ್ನಷ್ಟು ದೊಡ್ಡ ಅಕ್ಷರದಲ್ಲಿ ಬರೆಯುತ್ತೇವೆ. ಯಾವುದೇ ಆದರೂ ನಿಜ ಆಗಿರಲಿ.

ಇತಿಹಾಸ ಗೊತ್ತಾಗುವುದು ಬರೀ ಬೋರ್ಡಿಗಾಗಿ ಅಲ್ಲ, ಕೆಲಸಕ್ಕೂ ಬೇಕು. ನೌಕಾಪಡೆಯ ಯಂತ್ರವಾಗಿದ್ದರೆ ಉಪ್ಪುನೀರಿನ ಮೇಲೆ ಹಾರಿದ್ದು, ತುಕ್ಕು ಹುಡುಕುವ ಜಾಗಗಳೇ ಬೇರೆ. ಅಲ್ಯೂಮಿನಿಯಂ ತಗಡಿಗೆ ಸ್ಟೀಲ್ ಬೋಲ್ಟ್ ತಾಗುವ ಕಡೆಯೆಲ್ಲ ಒಳಗಿಂದ ಪುಡಿಯಾಗಿರುತ್ತದೆ, ಮೆಗ್ನೀಸಿಯಂ ಮಿಶ್ರಲೋಹದ ಭಾಗಗಳಂತೂ ಕರಾವಳಿಯ ಗಾಳಿಗೆ ತಡೆಯುವುದೇ ಇಲ್ಲ. ಇನ್ನೊಂದು ವಿಷಯ, ಹಳೆಯ ವಿಮಾನಗಳ ಕೆಲವು ಮೀಟರುಗಳಲ್ಲಿ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಇರುವ ಬಣ್ಣ ಹಚ್ಚುತ್ತಿದ್ದರು. ನಮ್ಮದರಲ್ಲಿ ಉಳಿದಿರುವ ಎರಡು ಮೀಟರು ಯಾವ ಕಾಲದವು ಎಂದು ತಿಳಿಯುವವರೆಗೆ ಮಕ್ಕಳು ಮುಟ್ಟದ ಹಾಗೆ ಬೀಗ ಹಾಕಿ ಇಟ್ಟಿದ್ದೇವೆ. ಒಂದು ಪುಟದ ಭಾಗಗಳ ಪಟ್ಟಿ ಕೈಗೆ ಬಂದರೆ ಈ ಚಿಂತೆ ಇಲ್ಲ.

ಹಳೆಯ ಸ್ಕೂಟರ್ ಮಾರಿದರೂ ಆರ್‌ಸಿ ಬುಕ್ ಜೊತೆಗೆ ಕೊಡುತ್ತೇವೆ. ಶಾಲೆ, ಕಾಲೇಜು, ಸರ್ಕಲ್, ಪಾರ್ಕುಗಳಿಗೆ ವಿಮಾನ, ಹೆಲಿಕಾಪ್ಟರ್, ಟ್ಯಾಂಕ್ ಕೊಡುವಾಗ ಅದರ ಸೇವಾ ವಿವರದ ಒಂದು ಹಾಳೆಯನ್ನೂ ಕೊಟ್ಟಿದ್ದರೆ ಇವತ್ತು ಈ ಪತ್ರ ಬರೆಯುವ ಅಗತ್ಯವೇ ಇರಲಿಲ್ಲ. ಆ ಹಳೆಯ ವಿಕ್ರಾಂತ್‌ನಂಥ ಹಡಗನ್ನೇ 2014ರಲ್ಲಿ ಮುಂಬೈಯಲ್ಲಿ ಒಡೆಯುವುದನ್ನು ನಾವು ನೋಡಬೇಕಾಯಿತು. ಉಳಿದಿರುವ ಚಿಕ್ಕಪುಟ್ಟದ್ದನ್ನಾದರೂ ಅದರದ್ದೇ ಹೆಸರಿನಲ್ಲಿ ಉಳಿಸೋಣ.

ಹಾಗಾಗಿ ಅಧಿಕಾರಿಗಳಲ್ಲಿ ನಾವು ಕೇಳುವುದು ಇಷ್ಟು. ನಾವು ಕಳಿಸಿದ ಅರ್ಧ ನಂಬರುಗಳನ್ನು ನಿಮ್ಮ ಪಟ್ಟಿಯ ಜೊತೆ ಒಮ್ಮೆ ಹೋಲಿಸಿ ನೋಡಿ. ಈ ಸಂಸ್ಥೆಗೆ ಹೆಲಿಕಾಪ್ಟರ್ ಕೊಟ್ಟ ಆದೇಶದ ಪ್ರತಿ ಯಾವುದಾದರೂ ಕಚೇರಿಯಲ್ಲಿ ಇದ್ದೇ ಇರುತ್ತದೆ, ಅದರಲ್ಲಿ ಪೂರ್ತಿ ನಂಬರ್ ಇರುತ್ತದೆ. ಅದೊಂದನ್ನು ಹುಡುಕಿದರೆ ಮುಕ್ಕಾಲು ಕೆಲಸ ಆಯಿತು. ಅದು ಸಿಕ್ಕ ಮೇಲೆ ತಯಾರಾದ ವರ್ಷ, ಯಾವ ಘಟಕಗಳಲ್ಲಿ ಇತ್ತು, ಯಾವಾಗ ಸೇವೆಯಿಂದ ತೆಗೆದರು, ಒಟ್ಟು ಎಷ್ಟು ಗಂಟೆ ಹಾರಿತು ಎಂದು ಒಂದು ಪುಟದಲ್ಲಿ ಬರೆದು ಕೊಡಿ. ಯಾವುದಾದರೂ ಸಾಲು ಈಗಲೂ ಗುಟ್ಟಾಗಿರಬೇಕಾದರೆ ಅದನ್ನು ಮುಚ್ಚಿ, ನಮಗೆ ಬೇಸರವಿಲ್ಲ. ಲಾಗ್‌ಬುಕ್ ನಾಶ ಮಾಡಿದ್ದಾರೆ ಎಂದಾದರೆ ಅದನ್ನೂ ಬರೆದು ಕೊಡಿ, ಯಾವಾಗ, ಯಾರ ಆದೇಶದ ಮೇಲೆ ಎಂದು. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ಪ್ರಕಾರ ಸರ್ಕಾರದ ಕಾಗದವನ್ನು ನಿಯಮ ಬಿಟ್ಟು ನಾಶ ಮಾಡುವ ಹಾಗಿಲ್ಲ. ನಾಶವಾಗಿದೆ ಎಂದು ಖಚಿತವಾದರೆ ನಾವು ಬೇರೆ ದಾರಿ ಹಿಡಿಯುತ್ತೇವೆ, ಕಾಯುತ್ತಾ ಕೂರುವುದು ತಪ್ಪುತ್ತದೆ. ಮತ್ತೆ, ಇನ್ನು ಮುಂದೆ ಯಾರಿಗೇ ಹಳೆಯ ಯಂತ್ರ ಕೊಟ್ಟರೂ ಸೇವಾ ವಿವರದ ಹಾಳೆಯನ್ನು ಜೊತೆಗೇ ಕೊಡುವ ಒಂದು ಆದೇಶ ಮಾಡಿ. ಇದಕ್ಕೆ ಖರ್ಚಿಲ್ಲ.

ಇನ್ನು ನಮ್ಮ ಊರಿನವರಲ್ಲಿ ಒಂದು ಮಾತು. ಮಂಗಳೂರು, ಉಡುಪಿ, ಕುಂದಾಪುರದ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೆ ಸೇನೆಯ ಕಪ್ಪು ಟ್ರಂಕ್ ಇದೆ. ಅಜ್ಜನದ್ದೋ ಮಾವನದ್ದೋ ಲಾಗ್‌ಬುಕ್, ಡೈರಿ, ಹಳೆಯ ಫೋಟೊಗಳು ಅದರಲ್ಲಿರುತ್ತವೆ. ದಯವಿಟ್ಟು ಅದನ್ನು ಗುಜರಿಗೆ ಹಾಕಬೇಡಿ ಮಾರಾಯ್ರೆ. ಹೆಲಿಕಾಪ್ಟರ್ ಮುಂದೆ ನಿಂತು ತೆಗೆಸಿಕೊಂಡ ಗುಂಪು ಫೋಟೊ ಇದ್ದರೆ ಬಾಲದ ಮೇಲಿನ ನಂಬರ್ ಕಾಣುತ್ತದೆಯೇ ನೋಡಿ, ಹಿಂದೆ ದಿನಾಂಕ ಬರೆದಿದ್ದಾರೆಯೇ ನೋಡಿ. ಕಾಪು ಕಡೆಯ ಒಂದು ಮನೆಯವರು ಹೀಗೆ ಒಂದು ಫೋಟೊ ಕೊಟ್ಟರು. ನಂಬರಿನ ಮೊದಲ ಭಾಗ ಸ್ಪಷ್ಟವಾಗಿದೆ, ಉಳಿದದ್ದಕ್ಕೆ ಅಡ್ಡವಾಗಿ ಇಬ್ಬರು ನಗುತ್ತಾ ನಿಂತಿದ್ದಾರೆ. ಅದೇ ದಿನ ತೆಗೆದ ಇನ್ನೊಂದು ಫೋಟೊ ಯಾರದ್ದಾದರೂ ಮನೆಯಲ್ಲಿ ಇರಬಹುದು. ಚೇತಕ್ ಮೇಲೆ ಕೆಲಸ ಮಾಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಒಂದು ಭಾನುವಾರ ಕರೆದುಕೊಂಡು ಬನ್ನಿ. ಅವರ ನೆನಪಿನಲ್ಲಿ ಇರುವುದನ್ನು ಬರೆದುಕೊಳ್ಳುತ್ತೇವೆ, ಅವರು ಬೇಡ ಎಂದದ್ದನ್ನು ಬರೆಯುವುದಿಲ್ಲ. ಮೂಲ ಕಾಗದ ನಿಮ್ಮಲ್ಲೇ ಇರಲಿ, ನಮಗೆ ಫೋಟೊ ಸಾಕು.

ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ದಿನ) ಕಳೆದು ಮಳೆ ಹಿಡಿಯುವ ಮೊದಲು ತಗಡಿನ ಕೆಲಸ ಮುಗಿಸಿ ಪ್ರೈಮರ್ ಹಚ್ಚುತ್ತೇವೆ. ಅದರ ಮೇಲೆ ಶೆಡ್ ಕಟ್ಟಲು ಸಂಸ್ಥೆಯವರು ಒಪ್ಪಿದ್ದಾರೆ. ಹಳೆಯ ಬೋರ್ಡನ್ನು ಇಳಿಸಿಡಲೂ ಒಪ್ಪಿದ್ದಾರೆ. ಮೇಲಿನ ಬಣ್ಣ ಯಾವುದು, ಬಾಲದ ಮೇಲೆ ಯಾವ ಅಕ್ಷರ ಬರೆಯಬೇಕು ಎಂಬುದನ್ನು ಮಾತ್ರ ನಿಮ್ಮ ಉತ್ತರ ಬರುವವರೆಗೆ ಹಾಗೇ ಬಿಟ್ಟಿರುತ್ತೇವೆ. ನಮ್ಮ ವಿಳಾಸ ಅರ್ಜಿಯಲ್ಲಿದೆ. ಮೊದಲ ಮೇಲ್ಮನವಿಯನ್ನೂ ಹಾಕಿದ್ದೇವೆ, ಅದರ ಸ್ವೀಕೃತಿ ಬಂದಿದೆ, ವಿಚಾರಣೆಗೆ ಎಲ್ಲಿಗೆ ಕರೆದರೂ ಬರುತ್ತೇವೆ.

ವಂದನೆಗಳೊಂದಿಗೆ,

ಚೇತಕ್ ದುರಸ್ತಿ ಮಾಡುತ್ತಿರುವ ಎಲ್ಲರ ಪರವಾಗಿ,
ಒಬ್ಬ ವರ್ಕ್‌ಶಾಪ್ ಮೇಷ್ಟ್ರು
ಉಡುಪಿ